ಬಸರೀಕಟ್ಟೆಗೆ ಪೋಕೆಮಾನ್ ಯಾಕೆ ಬರಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು, ಓದೋಕೆ ಸುಲಭವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಕಳೆದ ವಾರ ನಮ್ಮ ವಾಟ್ಸ್‌ಆ್ಯಪ್‌ಗೆ ಒಂದು ವಾಯ್ಸ್ ಮೆಸೇಜ್ ಬಂತು. ಕೊಪ್ಪದಲ್ಲಿ ಪಿಯುಸಿ ಓದ್ತಿರೋ ಹುಡುಗ. ಹಿಂದೆ ಜೀರುಂಡೆ ಸದ್ದು ಎಷ್ಟು ಜೋರಾಗಿತ್ತು ಅಂದ್ರೆ, ನಾನು ಎರಡು ಸಲ ಕೇಳಬೇಕಾಯ್ತು. "ಅಣ್ಣಾ, ಪೇಟೇಲಿ ಇದ್ದಾಗ ಪೋಕೆಮಾನ್ ಗೋದಲ್ಲಿ ಏನಾದ್ರೂ ಒಂದು ಸಿಗುತ್ತೆ. ಬಸರೀಕಟ್ಟೆ ಕಡೆ ನಮ್ಮನೆಗೆ ಹೋದ್ರೆ ಮ್ಯಾಪ್ ಪೂರ್ತಿ ಖಾಲಿ, ಬರೀ ಹಸಿರು. ಕಾಡಿರೋ ಕಡೆ ಅಲ್ವಾ ಪ್ರಾಣಿಗಳು ಜಾಸ್ತಿ ಇರಬೇಕು?"

ಪ್ರಶ್ನೆ ನನಗೆ ತುಂಬ ಹಿಡಿಸಿತು, ಯಾಕಂದ್ರೆ ನಾನೂ ಅದೇ ಕಡೆಯವನು. ಅಡಿಕೆ ತೋಟ, ಅದರ ಮೇಲೆ ಕಾಫಿ, ಪಕ್ಕದ ಮನೆಗೆ ಹೋಗೋಕೂ ಒಂದು ಗುಡ್ಡ ಹತ್ತಿ ಒಂದು ಹಳ್ಳ ದಾಟಬೇಕಾದ ಊರು. ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ. ಈ ಆಟ ನಮ್ಮ ಕಾಡನ್ನ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಅದು ನೋಡೋದು ಮ್ಯಾಪಿನ ಮೇಲೆ ಮನುಷ್ಯರು ಚುಚ್ಚಿರೋ ಪಿನ್ನುಗಳನ್ನ. ಯಾರು ಚುಚ್ಚಿದರು, ಯಾವಾಗ, ಯಾವ ನಿಯಮದ ಪ್ರಕಾರ ಅನ್ನೋದೇ ಇವತ್ತಿನ ಕಥೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪೋಕೆಮಾನ್ ಅಂದ್ರೆ 'ಪಾಕೆಟ್ ಮಾನ್‌ಸ್ಟರ್', ಜೇಬಲ್ಲಿ ಇಟ್ಟುಕೊಳ್ಳಬಹುದಾದ ವಿಚಿತ್ರ ಪ್ರಾಣಿ. 1996ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅನ್ನೋ ಪುಟ್ಟ ಯಂತ್ರದ ಆಟವಾಗಿ ಶುರುವಾಯ್ತು. ನಮ್ಮ ದೇಶಕ್ಕೆ ಬಂದದ್ದು 2003ರಲ್ಲಿ, ಕಾರ್ಟೂನ್ ನೆಟ್‌ವರ್ಕ್ ಮೂಲಕ. ಆಮೇಲೆ ಚಿಪ್ಸ್ ಪ್ಯಾಕೆಟ್ ಒಳಗಿನ ಟಾಜೊ. ನಮ್ಮ ಶಾಲೇಲಿ ಕಾರ್ಟೂನ್ ನೋಡಿದವರು ಕಡಿಮೆ, ಕರೆಂಟ್ ಇದ್ದರೆ ತಾನೆ! ಟಾಜೊ ಮಾತ್ರ ಎಲ್ಲರ ಕಂಪಾಸ್ ಬಾಕ್ಸಲ್ಲೂ ಇತ್ತು. 2016ರ ಜುಲೈನಲ್ಲಿ ಬಂದದ್ದು ಪೋಕೆಮಾನ್ ಗೋ. ಇದರಲ್ಲಿ ಕೂತಲ್ಲಿ ಆಡೋ ಹಾಗಿಲ್ಲ. ಫೋನಿನ ಜಿಪಿಎಸ್ ನೋಡಿಕೊಂಡು ನಿಜವಾದ ರಸ್ತೆ ಮೇಲೆ ನಡೀಬೇಕು. ನೀವು ನಡೆದ ಹಾಗೆ ಸ್ಕ್ರೀನ್ ಮೇಲಿನ ಗೊಂಬೆಯೂ ನಡೆಯುತ್ತೆ, ಪ್ರಾಣಿ ಎದುರಾದರೆ ಬೆರಳಲ್ಲಿ ಚೆಂಡು ಎಸೆದು ಹಿಡೀಬೇಕು. ಹಿಡಿದದ್ದನ್ನ ಬೆಳೆಸಿ, ಬೇರೆಯವರ ಪ್ರಾಣಿ ಜೊತೆ ಕಾಳಗಕ್ಕೆ ಬಿಡಬಹುದು. ನೀರಿನ ಜಾತಿ ಬೆಂಕಿಯನ್ನ ಸೋಲಿಸುತ್ತೆ, ಬೆಂಕಿ ಗಿಡವನ್ನ, ಗಿಡ ನೀರನ್ನ. ಕಾಳಗದ ಲೆಕ್ಕಾಚಾರದ ಬುಡ ಇಷ್ಟೇ.

ಚೆಂಡು ಖಾಲಿಯಾದರೆ? ಇಲ್ಲೇ ವಿಷಯ ಇರೋದು. ಚೆಂಡು ಸಿಗೋದು ಪೋಕೆಸ್ಟಾಪ್ ಅನ್ನೋ ಜಾಗಗಳಲ್ಲಿ. ಹತ್ತಿರ ಹೋಗಿ ಅಲ್ಲಿರೋ ನೀಲಿ ಚಕ್ರ ತಿರುಗಿಸಿದ್ರೆ ಚೆಂಡು, ಮೊಟ್ಟೆ, ಔಷಧಿ ಬೀಳುತ್ತೆ. ಒಂದು ಥರ ಈ ಆಟದ ರೇಷನ್ ಅಂಗಡಿ. ಇನ್ನೊಂದು ಬಗೆಯ ಜಾಗಕ್ಕೆ ಜಿಮ್ ಅಂತ ಹೆಸರು. ಅಲ್ಲಿ ಕಾಳಗ, ಗೆದ್ದು ನಿಂತರೆ ದಿನಕ್ಕೆ ಹೆಚ್ಚೆಂದರೆ 50 ನಾಣ್ಯ. ನಾಣ್ಯ ಕೊಟ್ಟರೆ ಚೆಂಡು ಕೊಳ್ಳಬಹುದು. ನಾಣ್ಯ ಇಲ್ಲದವರು ನಿಜವಾದ ರೂಪಾಯಿ ಕೊಡಬೇಕು. ಅಂದ್ರೆ ಜಯನಗರದಲ್ಲಿ ವಾಕಿಂಗ್ ಹೋಗೋರಿಗೆ ಪುಕ್ಕಟೆ ಸಿಗೋದನ್ನ ಬಸರೀಕಟ್ಟೆಯ ತೋಟದೊಳಗಿನ ಹುಡುಗ ದುಡ್ಡು ಕೊಟ್ಟು ತಗೋಬೇಕು.

ಪಿನ್ನು ಚುಚ್ಚಿದವರು ಯಾರು?

ಆಟ ಮಾಡಿದ್ದು ನಿಯಾಂಟಿಕ್ ಅನ್ನೋ ಅಮೆರಿಕದ ಕಂಪನಿ. ಶುರು ಮಾಡಿದವರು ಜಾನ್ ಹ್ಯಾಂಕಿ. ಗೂಗಲ್ ಅರ್ಥ್ ಯಾವ ಕಂಪನಿಯಿಂದ ಹುಟ್ಟಿತೋ ಆ ಕೀಹೋಲ್‌ನಲ್ಲಿ ಇದ್ದವರೂ ಅವರೇ. ನಿಯಾಂಟಿಕ್ 2010ರಲ್ಲಿ ಗೂಗಲ್ ಒಳಗೇ ಹುಟ್ಟಿ, 2015ರಲ್ಲಿ ಬೇರೆ ಮನೆ ಮಾಡಿತು. ಪೋಕೆಮಾನ್‌ಗಿಂತ ಮುಂಚೆ, 2012ರಲ್ಲಿ, ಇಂಗ್ರೆಸ್ ಅನ್ನೋ ಆಟ ಬಿಟ್ಟಿದ್ದರು. ಅದರಲ್ಲಿ ಊರಿನ ಪ್ರತಿಮೆ, ಹಳೆ ಕಟ್ಟಡ, ದೇವಸ್ಥಾನ, ಗೋಡೆಚಿತ್ರ ಇವೆಲ್ಲ 'ಪೋರ್ಟಲ್'. ಎಲ್ಲಾ ಊರಿನ ಪಟ್ಟಿ ಕಂಪನಿಗೆ ಎಲ್ಲಿಂದ ಬರಬೇಕು? ಆಟಗಾರರಿಗೇ ಹೇಳಿದರು: ಫೋಟೊ ತೆಗೆದು ಕಳಿಸಿ ಅಂತ. ಜನ ಲಕ್ಷಗಟ್ಟಲೆ ಕಳಿಸಿದರು. 2015ರಲ್ಲಿ ಆ ಬಾಗಿಲು ಮುಚ್ಚಿತು. ಮರುವರ್ಷ ಪೋಕೆಮಾನ್ ಗೋ ಬಂದಾಗ ಆ ಪೋರ್ಟಲ್‌ಗಳೇ ಪೋಕೆಸ್ಟಾಪ್, ಜಿಮ್ ಆಗಿ ಕೂತವು.

ಸ್ವಲ್ಪ ಯೋಚನೆ ಮಾಡಿ. 2012ರಿಂದ 2015. ಒಳ್ಳೆ ಸ್ಮಾರ್ಟ್‌ಫೋನ್, ಡೇಟಾ, ಇಂಗ್ಲಿಷ್, ಬಿಡುವು, ಮತ್ತೆ ಇಂಥ ಆಟದ ಹುಚ್ಚು, ಇಷ್ಟೂ ಇದ್ದ ಜನ ಎಲ್ಲೆಲ್ಲಿ ಓಡಾಡಿದರೋ ಅಲ್ಲೆಲ್ಲ ಪಿನ್ನು ಬಿತ್ತು. ಆ ಕಾಲದಲ್ಲಿ ನಮ್ಮನೇಲಿ ಸಿಗ್ನಲ್ ಸಿಗ್ತಾ ಇದ್ದದ್ದು ಅಟ್ಟದ ಕಿಟಕಿ ಹತ್ರ ಮಾತ್ರ. ಅಪ್ಪಯ್ಯ ಫೋನನ್ನ ಆ ಕಿಟಕಿಗೇ ದಾರ ಕಟ್ಟಿ ನೇತುಹಾಕಿದ್ದರು. ರಿಂಗ್ ಆದಾಗ ಓಡಿ ಹತ್ತೋದು, ಎತ್ತೋ ಹೊತ್ತಿಗೆ ಕಟ್ ಆಗೋದು. ಪೋರ್ಟಲ್ ಕಳಿಸೋ ಮಾತು ಎಲ್ಲಿಂದ ಬಂತು!

ಇದು ನಮ್ಮ ಮಲೆನಾಡಿನ ಗೋಳು ಮಾತ್ರ ಅಲ್ಲ. 2017ರಲ್ಲಿ ಕಂಪ್ಯೂಟರ್-ಮನುಷ್ಯ ಸಂಬಂಧ ಅಧ್ಯಯನ ಮಾಡೋರ ದೊಡ್ಡ ಸಮ್ಮೇಳನದಲ್ಲಿ ಸಂಶೋಧಕರ ಒಂದು ತಂಡ ಪೋಕೆಮಾನ್ ಗೋದ ಭೂಗೋಳದ ಮೇಲೇ ಪ್ರಬಂಧ ಮಂಡಿಸಿತು. ನಗರದಲ್ಲಿ ಸ್ಟಾಪ್ ದಟ್ಟ, ಹಳ್ಳೀಲಿ ವಿರಳ ಅನ್ನೋದು ಎಲ್ಲರೂ ಊಹಿಸೋದೇ. ಆದರೆ ಅಮೆರಿಕದ ನಗರಗಳ ಒಳಗೂ ಕಪ್ಪು ಜನ, ಹಿಸ್ಪಾನಿಕ್ ಜನ ಹೆಚ್ಚಿರೋ ಬಡಾವಣೆಗಳಲ್ಲಿ ಸ್ಟಾಪ್‌ಗಳು ಕಡಿಮೆ ಇದ್ದವು. ಬೇಕು ಅಂತ ಯಾರೂ ಮಾಡಿದ್ದಲ್ಲ. ಫೋಟೊ ಕಳಿಸಿದವರು ತಮ್ಮ ಬೀದಿಯದ್ದು ಕಳಿಸಿದರು, ಅಷ್ಟೇ.

ನಮ್ಮ ದೇಶದಲ್ಲಿ ಈ ಆಟ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರ್‌ನಲ್ಲಿ, ರಿಲಯನ್ಸ್ ಜಿಯೊ ಜೊತೆ ಸೇರಿ. ಅದಕ್ಕೆ ಮೊದಲೇ, ಜುಲೈನಲ್ಲೇ, ಹುಡುಗರು ಎಪಿಕೆ ಫೈಲ್ ಹಾಕಿಕೊಂಡು ಕಬ್ಬನ್ ಪಾರ್ಕ್‌ನಲ್ಲಿ ಗುಂಪುಗುಂಪಾಗಿ ತಿರುಗ್ತಿದ್ದರು. ಜಿಯೊ ಆಗ ಡೇಟಾ ಪುಕ್ಕಟೆ ಕೊಡ್ತಿತ್ತು, ಒಪ್ಪಂದದ ಪ್ರಕಾರ ರಿಲಯನ್ಸ್ ಡಿಜಿಟಲ್ ಅಂಗಡಿಗಳು ಪೋಕೆಸ್ಟಾಪ್ ಆದವು. ಅಂಗಡಿ ಇರೋದು ಪೇಟೆಯಲ್ಲಿ. ಹೊಸ ಪಿನ್ನು ಬಿದ್ದದ್ದೂ ಪೇಟೆಯಲ್ಲೇ.

ನಿಯಮದಲ್ಲೇ ಪೇಟೆ ಇದೆ

ಸರಿ, ಹಾಗಾದ್ರೆ ಈಗ ನಾವೇ ಹೊಸ ಸ್ಟಾಪ್ ಕೇಳಬಹುದಲ್ಲ? ಕೇಳಬಹುದು. 2019ರಲ್ಲಿ ನಿಯಾಂಟಿಕ್ ವೇಫೇರರ್ ಅನ್ನೋ ವ್ಯವಸ್ಥೆ ತಂದಿತು. ಆಟಗಾರರು ಜಾಗ ಸೂಚಿಸೋದು, ಬೇರೆ ಆಟಗಾರರು ನೋಡಿ ಓಟು ಹಾಕೋದು. ಆದರೆ ಸೂಚಿಸೋಕೆ ನೀವು ಮೇಲಿನ ಲೆವೆಲ್‌ನಲ್ಲಿ ಇರಬೇಕು. ಶುರುವಿನಲ್ಲಿ ಅದು 40ನೇ ಲೆವೆಲ್ ಆಗಿತ್ತು, ಆಮೇಲೆ ಸ್ವಲ್ಪ ಇಳಿಸಿದರು. 40 ಮುಟ್ಟೋಕೆ ಆಗ ಬೇಕಾಗ್ತಿದ್ದ ಅಂಕ ಒಟ್ಟು 2 ಕೋಟಿ. ಸ್ಟಾಪೇ ಇಲ್ಲದ ಊರಲ್ಲಿ ಕೂತು 2 ಕೋಟಿ ಅಂಕ ಗಳಿಸಿ ಬಾ, ಆಮೇಲೆ ನಿನ್ನೂರಿಗೆ ಸ್ಟಾಪ್ ಕೇಳು ಅಂತ. ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆದ ಹೊರತು ಹುಚ್ಚು ಬಿಡಲ್ಲ ಅನ್ನೋ ಗಾದೆ ನೆನಪಾಗುತ್ತೆ.

ಲೆವೆಲ್ ಮುಟ್ಟಿದಿರಿ ಅಂತಲೇ ಇಟ್ಟುಕೊಳ್ಳಿ. ಮುಂದೆ ಏನು ಒಪ್ಪುತ್ತಾರೆ, ಏನು ಒಪ್ಪಲ್ಲ ಅನ್ನೋ ಪಟ್ಟಿ. ಜನ ನೋಡಬೇಕಾದ, ನಡೆದಾಡಬೇಕಾದ ಅಥವಾ ಸೇರಬೇಕಾದ ಜಾಗ ಆಗಿರಬೇಕು. ಖಾಸಗಿ ಮನೆಯ ಜಾಗ ಆಗಲ್ಲ. ಮಕ್ಕಳ ಶಾಲೆ ಆಗಲ್ಲ. ಕಾಲ್ನಡಿಗೇಲಿ ಹೋಗೋಕೆ ಸುರಕ್ಷಿತ ದಾರಿ ಇರಬೇಕು. ಬರೀ ಪ್ರಕೃತಿ, ಅಂದ್ರೆ ಮರ, ಬಂಡೆ, ಹಳ್ಳ, ಗುಡ್ಡ ಇವು ಆಗಲ್ಲ, ಅಲ್ಲಿ ಮನುಷ್ಯ ಹಾಕಿದ ಬೋರ್ಡು ಇರಬೇಕು.

ಪ್ರತಿ ನಿಯಮಕ್ಕೂ ಕಾರಣ ಇದೆ, ಅದನ್ನ ಒಪ್ಪಲೇಬೇಕು. ಶಾಲೆ ಸುತ್ತ ಅಪರಿಚಿತ ದೊಡ್ಡವರು ಫೋನ್ ಹಿಡಿದು ತಿರುಗೋದು ಯಾರಿಗೆ ಬೇಕು? ಅಮೆರಿಕ, ಕೆನಡಾದಲ್ಲಿ ಮನೆ ಮುಂದೆ ಜನ ಜಾತ್ರೆ ಸೇರಿ, ಮನೆಯವರು ಕೋರ್ಟಿಗೆ ಹೋದರು. 2019ರಲ್ಲಿ ರಾಜಿ ಆಗಿ, ಮನೆಯಿಂದ 40 ಮೀಟರ್ ಒಳಗಿನ ಸ್ಟಾಪ್‌ಗಳ ಬಗ್ಗೆ ದೂರು ಬಂದರೆ ಕ್ರಮ ತಗೋತೀವಿ ಅಂತ ಕಂಪನಿ ಒಪ್ಪಿಕೊಂಡಿತು. ಎಲ್ಲಾ ಸರಿ. ಆದರೆ ಇದೇ ಪಟ್ಟಿ ಹಿಡ್ಕೊಂಡು ನಮ್ಮೂರಿನ ಕಡೆ ಹೊರಡಿ. ತೋಟ ಖಾಸಗಿ. ಅಡಿಕೆ ಒಣಗಿಸೋ ಅಂಗಳ ಖಾಸಗಿ. ಎಸ್ಟೇಟ್ ಗೇಟು ಖಾಸಗಿ. ಹತ್ತು ಮನೆಗೆ ಸೇರಿ ಇರೋ ಸಾರ್ವಜನಿಕ ಕಟ್ಟಡ ಅಂದ್ರೆ ಪ್ರಾಥಮಿಕ ಶಾಲೆ, ಅದು ಆಗಲ್ಲ. ಮನೆ ಹಿಂದಿನ ಅಬ್ಬಿ ಮಳೆಗಾಲದಲ್ಲಿ ಧೋ ಅಂತ ಸುರಿಯುತ್ತೆ, ಬೋರ್ಡಿಲ್ಲ. ರಸ್ತೆ ಬದಿ ಫುಟ್‌ಪಾತ್ ಹುಡುಕೋಕೆ ಹೋಗಲೇಬೇಡಿ. ಮಿಕ್ಕಿದ್ದು ದೇವಸ್ಥಾನ. ಹಾಗಾಗಿ ಶೃಂಗೇರಿ, ಹೊರನಾಡಿನಂಥ ಹೆಸರಾದ ಜಾಗಗಳಿಗೆ ಪಿನ್ನು ಬೀಳೋದು ಸುಲಭ. ನೂರಾರು ಜನ ದಿನಾ ಫೋನ್ ಹಿಡಿದು ಹೋಗ್ತಾರೆ, ಕಟ್ಟಡ ಸಾರ್ವಜನಿಕ, ಬೋರ್ಡೂ ಇದೆ.

ದೇವಸ್ಥಾನದ ಪಿನ್ನಿಗೂ ತಕರಾರು ಬರದೇ ಇರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಗುಜರಾತ್ ಹೈಕೋರ್ಟಿನಲ್ಲಿ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯ್ತು. ಪೂಜಾಸ್ಥಳಗಳಲ್ಲಿ ಆಟದ 'ಮೊಟ್ಟೆ' ಸಿಗುತ್ತೆ, ಇದು ಭಾವನೆಗೆ ಧಕ್ಕೆ ಅಂತ. ಕೋರ್ಟು ನೋಟಿಸ್ ಕೊಟ್ಟಿತ್ತು. ಹಿರೋಶಿಮಾದ ಶಾಂತಿ ಉದ್ಯಾನದವರು, ಪೋಲೆಂಡಿನ ಆಶ್‌ವಿಟ್ಜ್ ಸ್ಮಾರಕದವರು ಕೂಡ ನಮ್ಮಲ್ಲಿ ಈ ಆಟ ಬೇಡ ಅಂತ ಹೇಳಿದ್ದರು. ನನ್ನ ಅಭಿಪ್ರಾಯ ಕೇಳಿದ್ರೆ, ಪ್ರಾಂಗಣದ ಹೊರಗೆ ನಿಂತು ಚಕ್ರ ತಿರುಗಿಸಿಕೊಂಡು ಬಂದ್ರೆ ಯಾರಿಗೂ ತೊಂದರೆ ಇಲ್ಲ. ಗರ್ಭಗುಡಿ ಎದುರು ಫೋನ್ ತಿರುಗಿಸ್ತಾ ನಿಂತವನನ್ನ ಭಟ್ಟರು ಗದರಿದ್ರೆ, ನಾನಂತೂ ಭಟ್ಟರ ಪಕ್ಷ.

ಒಂದು ತಾಂತ್ರಿಕ ವಿಷಯ ಸೇರಿಸ್ತೀನಿ. ಆಟ ಇಡೀ ಭೂಮಿಯನ್ನ ಚೌಕ ಚೌಕವಾಗಿ ಕತ್ತರಿಸಿಕೊಂಡಿದೆ. ಗೂಗಲ್ ಮಾಡಿದ ಎಸ್-2 ಅನ್ನೋ ಪದ್ಧತಿ ಅದು. ಆಟಗಾರರು ಲೆಕ್ಕ ಹಾಕಿ ಕಂಡುಕೊಂಡ ಪ್ರಕಾರ, ಬೀದಿಯ ಒಂದು ತುಂಡಿನಷ್ಟಿರೋ ಚಿಕ್ಕ ಚೌಕಕ್ಕೆ ಒಂದೇ ಸ್ಟಾಪ್. ಸುಮಾರು ಅರ್ಧ ಕಿಲೋಮೀಟರ್ ಅಗಲದ ದೊಡ್ಡ ಚೌಕದಲ್ಲಿ 2 ಜಾಗ ಆದರೆ ಒಂದು ಜಿಮ್, 6 ಆದರೆ ಎರಡು, 20 ಆದರೆ ಮೂರು. ಬಸರೀಕಟ್ಟೆ ಪೇಟೆಗೆ ಎರಡು ಸ್ಟಾಪ್ ಬಂದರೆ ಒಂದು ಜಿಮ್ ಬಂದ ಹಾಗೇ. ಆದರೆ ಪೇಟೆಯಿಂದ ಮೂರು ಕಿಲೋಮೀಟರ್ ಒಳಗಿನ ಒಂಟಿ ಮನೆಗೆ ಈ ಗಣಿತದಿಂದ ಏನೂ ಉಪಯೋಗ ಇಲ್ಲ.

ಕೂತಲ್ಲೇ ಆಡಬಹುದಾಗಿದ್ದ ಕಾಲ

2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಕೂತಾಗ ಆಟ ಸ್ವಲ್ಪ ಬಗ್ಗಿತು. ಸ್ಟಾಪ್ ಮುಟ್ಟೋ ದೂರ 40 ಮೀಟರ್ ಇದ್ದದ್ದು 80 ಆಯ್ತು. ರಿಮೋಟ್ ರೇಡ್ ಪಾಸ್ ಬಂತು: ದೊಡ್ಡ ಪ್ರಾಣಿ ಜೊತೆಗಿನ ಗುಂಪು ಕಾಳಗಕ್ಕೆ ಎಲ್ಲಿಂದ ಬೇಕಾದ್ರೂ ಸೇರಬಹುದು. ಕಾಳಗ ಲೀಗ್ ಆಡೋಕೆ ಇಷ್ಟು ನಡೀಬೇಕು ಅನ್ನೋ ಷರತ್ತೂ ಹೋಯ್ತು. ನಗರದವರಿಗೆ ಇದು ತಾತ್ಕಾಲಿಕ ಅನುಕೂಲ. ಹಳ್ಳಿಯವರಿಗೆ, ಗಾಲಿಕುರ್ಚಿಯಲ್ಲಿ ಇರೋರಿಗೆ ಮೊದಲ ಸಲ ಆಟದ ಬಾಗಿಲು ತೆರೆದ ಹಾಗಾಯ್ತು.

2021ರ ಆಗಸ್ಟ್‌ನಲ್ಲಿ ಅಮೆರಿಕ, ನ್ಯೂಜಿಲೆಂಡ್‌ನಲ್ಲಿ ಮತ್ತೆ 40 ಮೀಟರ್ ಮಾಡಿದಾಗ ಆಟಗಾರರು ದೊಡ್ಡ ಗಲಾಟೆ ಎಬ್ಬಿಸಿದರು. ಕಂಪನಿ ವಾಪಸ್ 80ಕ್ಕೆ ಬಂತು. ರಿಮೋಟ್ ಪಾಸ್ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಬೆಲೆ ಏರಿಸಿ, ದಿನಕ್ಕೆ 5ರ ಮಿತಿ ಹಾಕಿದರು. ಜನ ಹೊರಗೆ ಬಂದು, ನಡೆದು, ಒಟ್ಟಿಗೆ ಆಡಬೇಕು ಅನ್ನೋದು ನಮ್ಮ ಉದ್ದೇಶ ಅಂತ ಅವರ ವಾದ. ಒಳ್ಳೆ ಉದ್ದೇಶವೇ. ನಮ್ಮ ಕಡೆ ಜನ ಹೊರಗೆ ಬರ್ತಾರೆ, ಬೇಕಾದಷ್ಟು ನಡೀತಾರೆ, ಗುಂಪು ಮಾತ್ರ ಸಿಗಲ್ಲ.

ಅದೂ ಅಲ್ಲದೆ ರಿಮೋಟ್‌ಗೆ ನೆಟ್‌ವರ್ಕ್ ಬೇಕಲ್ಲ! 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಫೋಟೊ ಎಲ್ಲಾ ಕಡೆ ಓಡಾಡಿತ್ತು, ನೆನಪಿದೆಯಾ? ಸುರಿಯೋ ಮಳೆಯಲ್ಲಿ ಹುಡುಗಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಮಲೆನಾಡಿನಲ್ಲೂ ಅದೇ ಕಥೆ. ಗುಡ್ಡದ ತುದಿಯಲ್ಲಿ ಟಾರ್ಪಾಲ್ ಕಟ್ಟಿಕೊಂಡು ಓದಿದ ಮಕ್ಕಳು ಎಷ್ಟೋ. ಕ್ಲಾಸಿಗೆ ಸಿಗದ ನೆಟ್‌ವರ್ಕ್ ಕಾಳಗಕ್ಕೆ ಸಿಗುತ್ತಾ? ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಅದು ಉಪಗ್ರಹದ್ದು. ಆದರೆ ಆಟಕ್ಕೆ ಬೇಕು. ಕಾಳಗದಲ್ಲಿ ಅರ್ಧ ಸೆಕೆಂಡ್ ತಡವಾದ್ರೂ ಎದುರಾಳಿ ಎರಡೇಟು ಹೊಡೆದಿರ್ತಾನೆ.

ಕಣಿವೆ ಮನೆಗಳಿಗೆ ಒಂದು ಸಣ್ಣ ಲಾಭವೂ ಇದೆ, ತಮಾಷೆಯದ್ದು. ಗುಡ್ಡ, ದಟ್ಟ ಮರ ಇರೋ ಕಡೆ ಉಪಗ್ರಹದ ಸಂಕೇತ ಅಲ್ಲಲ್ಲಿ ಬಡಿದು ಬರೋದ್ರಿಂದ ಫೋನಿಗೆ ತಾನು ಎಲ್ಲಿದ್ದೀನಿ ಅನ್ನೋದೇ ಗೊಂದಲ. ನೀವು ಜಗಲಿ ಮೇಲೆ ಕೂತಿರ್ತೀರಿ, ಸ್ಕ್ರೀನಲ್ಲಿ ನಿಮ್ಮ ಗೊಂಬೆ ಹಳ್ಳ ದಾಟಿ ಓಡಿ ವಾಪಸ್ ಬಂದಿರುತ್ತೆ. ಎಷ್ಟೋ ಸಲ ನನ್ನ ಮೊಟ್ಟೆ ಒಡೆದದ್ದು ಹೀಗೇ.

ಕಳ್ಳದಾರಿ, ಕಾಡುದಾರಿ

ಸ್ಟಾಪ್ ಇಲ್ಲದವರು ಹಿಡಿಯೋ ಒಂದು ದಾರಿ ಸ್ಪೂಫಿಂಗ್. ಜಿಪಿಎಸ್‌ಗೆ ಸುಳ್ಳು ಹೇಳೋ ಆ್ಯಪ್ ಹಾಕ್ಕೊಂಡು, ಕೊಪ್ಪದ ಮನೇಲಿ ಕೂತು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲೋ ಸ್ಪೇನಿನ ಜರಗೋಜಾದಲ್ಲೋ ಇದ್ದೀನಿ ಅಂತ ತೋರಿಸೋದು. ಆಸೆ ಯಾಕೆ ಹುಟ್ಟುತ್ತೆ ಅಂತ ನನಗೆ ಅರ್ಥ ಆಗುತ್ತೆ. ಆದರೆ ಸಿಕ್ಕಿಬಿದ್ದರೆ ಮೊದಲು ಎಚ್ಚರಿಕೆ, ಆಮೇಲೆ ತಿಂಗಳ ಮಟ್ಟಿಗೆ ಅಮಾನತು, ಮೂರನೇ ಸಲಕ್ಕೆ ಖಾತೆಯೇ ಕಾಯಂ ಬಂದ್. ಅದಕ್ಕಿಂತ ದೊಡ್ಡ ಅಪಾಯ, ಆ ಆ್ಯಪ್‌ಗಳು ನಿಮ್ಮ ಗೂಗಲ್ ಖಾತೆಯ ಲಾಗಿನ್ ಕೇಳ್ತವೆ. ಅದೇ ಖಾತೇಲಿ ನಿಮ್ಮ ಫೋಟೊ, ಇಮೇಲ್, ಕೆಲವರಿಗೆ ಬ್ಯಾಂಕಿನ ಒಟಿಪಿ ಎಲ್ಲಾ ಇರುತ್ತೆ. ಪಿಕಾಚು ಆಸೆಗೆ ಅದನ್ನ ಕೊಡಬೇಡಿ.

ಇನ್ನೊಂದು ಕಳ್ಳದಾರಿ ಸ್ವಲ್ಪ ನಾಜೂಕು. 2017ರ ಡಿಸೆಂಬರ್‌ನಲ್ಲಿ ಆಟದ ತಳದ ಮ್ಯಾಪ್ ಗೂಗಲ್‌ನಿಂದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬದಲಾಯ್ತು. ಇದು ವಿಕಿಪೀಡಿಯ ಇದ್ದ ಹಾಗೆ, ಯಾರು ಬೇಕಾದ್ರೂ ತಿದ್ದಬಹುದು. ಪಾರ್ಕ್ ಅಂತ ಗುರುತಾದ ಕಡೆ ಪ್ರಾಣಿ ಹೆಚ್ಚು ಬರುತ್ತೆ ಅಂತ ಆಟಗಾರರು ಕಂಡುಕೊಂಡ ಕೂಡಲೇ, ಕೆಲವರು ತಮ್ಮ ಹಿತ್ತಿಲನ್ನೇ ಪಾರ್ಕ್ ಅಂತ ಬರೆದುಬಿಟ್ಟರು. ಆ ಮ್ಯಾಪನ್ನ ಕಾಪಾಡೋ ಸ್ವಯಂಸೇವಕರಿಗೆ ಸುಳ್ಳು ಪಾರ್ಕು, ಸುಳ್ಳು ದಾರಿ ಅಳಿಸೋದೇ ಕೆಲಸ ಆಯ್ತು. ಇದೊಂದನ್ನ ಮಾತ್ರ ನಾನು ಗಂಭೀರವಾಗಿ ಬೇಡ ಅಂತೀನಿ. ನಮ್ಮ ಕಡೆ 108ಕ್ಕೆ ಫೋನ್ ಮಾಡಿದಾಗ ದಾರಿ ಹೇಳೋದು ಹೇಗೆ ಅಂತ ನಿಮಗೆ ಗೊತ್ತಲ್ಲ: ದೊಡ್ಡ ಹಲಸಿನ ಮರದ ಹತ್ರ ಎಡಕ್ಕೆ, ಕಾಲುಸಂಕ ಬಿಟ್ಟು ಬಲಗಡೆ ಮಣ್ಣುರಸ್ತೆ, ಅಲ್ಲಿ ಬಂದು ಹಾರ್ನ್ ಹೊಡೀರಿ. ಮ್ಯಾಪಲ್ಲಿ ಇಲ್ಲದ ದಾರಿ ಅದು. ಅದೇ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಆ ನಿಜವಾದ ಮಣ್ಣುರಸ್ತೆ, ಮಳೆಗಾಲದಲ್ಲಿ ಮುಳುಗೋ ಸೇತುವೆ, ಜೀಪ್ ಹೋಗೋ ದಾರಿ ಯಾವುದು, ಹೋಗದ್ದು ಯಾವುದು ಅಂತ ಹಾಕೋಕೆ ಯಾವ ಲೆವೆಲ್ಲೂ ಬೇಕಿಲ್ಲ. ಇಮೇಲ್ ಇದ್ದರೆ ಖಾತೆ ಆಗುತ್ತೆ.

ಇನ್ನು ಕಾಡುದಾರಿ. ಎನ್.ಆರ್.ಪುರ, ಬಾಳೆಹೊನ್ನೂರು ಕಡೆಯವರಿಗೆ ಕಾಡಾನೆ ಬಗ್ಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿಂದ ರಜೆಗೆ ಬರೋ ಕಸಿನ್‌ಗಳಿಗೆ ಹೇಳಬೇಕು. ಸಂಜೆ ಹೊತ್ತು ತಲೆ ತಗ್ಗಿಸಿ ಸ್ಕ್ರೀನ್ ನೋಡ್ತಾ ತೋಟದ ಅಂಚಲ್ಲಿ ನಡೆಯೋದು ಬೇಡ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗೋ ಹಾಗೂ ಇಲ್ಲ. ಈ ಆಟ ಬಂದ 2016ರಲ್ಲಂತೂ ಶೃಂಗೇರಿ, ಕೊಪ್ಪ ಭಾಗದಲ್ಲಿ ನಕ್ಸಲ್ ನಿಗ್ರಹ ಪಡೆಯ ಕ್ಯಾಂಪುಗಳಿದ್ದವು. ಕಾಡಂಚಲ್ಲಿ ಫೋನ್ ಹಿಡಿದು ಸುಮ್ಮನೆ ತಿರುಗ್ತಿದ್ದ ಹುಡುಗನ ಹತ್ರ ಏನಪ್ಪಾ ಹುಡುಕ್ತಿದ್ದೀಯ ಅಂತ ಕೇಳಿದ್ರೆ, 'ಪಿಕಾಚು' ಅನ್ನೋ ಉತ್ತರ ಅಷ್ಟು ಚೆನ್ನಾಗಿರ್ತಿರಲಿಲ್ಲ.

ಹುಳ ಹಿಡೀತಿದ್ದ ಹುಡುಗ

ಈಗ ನನಗೆ ಅತೀ ವಿಚಿತ್ರ ಅನ್ನಿಸೋ ಸಂಗತಿ. ಪೋಕೆಮಾನ್ ಹುಟ್ಟಿಸಿದವರು ಸತೋಶಿ ತಾಜಿರಿ, 1965ರಲ್ಲಿ ಹುಟ್ಟಿದವರು. ಬೆಳೆದದ್ದು ಟೋಕಿಯೊ ಅಂಚಿನ ಮಚಿದಾದಲ್ಲಿ. ಆಗ ಅಲ್ಲಿ ಗದ್ದೆ, ಕೆರೆ, ಕಾಡು ಇತ್ತು. ಹುಡುಗ ದಿನವಿಡೀ ಜೀರುಂಡೆ, ದುಂಬಿ ಹಿಡೀತಿದ್ದ. ಜೊತೆಯವರು ಇಟ್ಟ ಅಡ್ಡಹೆಸರೇ 'ಹುಳದ ಡಾಕ್ಟರ್'. ಆಮೇಲೆ ನಗರ ಬೆಳೆದು ಗದ್ದೆ ಹೋಯ್ತು, ಹುಳ ಹೋಯ್ತು. ದೊಡ್ಡವರಾದ ಮೇಲೆ ತಾಜಿರಿ, ಎರಡು ಗೇಮ್ ಬಾಯ್ ಜೋಡಿಸೋ ತಂತಿ ನೋಡಿ, ಅದರ ಮೇಲೆ ಒಂದು ಹುಳ ಹರಿದು ಈ ಕಡೆಯಿಂದ ಆ ಕಡೆ ಹೋದ ಹಾಗೆ ಕಲ್ಪಿಸಿಕೊಂಡರಂತೆ. ಹಿಡಿಯೋದು, ಕೂಡಿಡೋದು, ಬದಲಾಯಿಸಿಕೊಳ್ಳೋದು. ಹುಳ ಕಾಣದೆ ಬೆಳೆಯೋ ಪೇಟೆ ಮಕ್ಕಳಿಗೆ ಆ ಖುಷಿ ಸಿಗಲಿ ಅಂತ ಮಾಡಿದ ಆಟ, ಹುಳ ಇನ್ನೂ ಇರೋ ಊರಿಗೆ ಬಂದಾಗ ಖಾಲಿ ಸ್ಕ್ರೀನ್ ತೋರಿಸುತ್ತೆ.

2002ರಲ್ಲಿ ಕೇಂಬ್ರಿಜ್‌ನ ಆ್ಯಂಡ್ರ್ಯೂ ಬಾಮ್‌ಫರ್ಡ್ ಮತ್ತು ಜೊತೆಯವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಬರೆದರು. ಬ್ರಿಟನ್ನಿನ ಶಾಲಾ ಮಕ್ಕಳಿಗೆ ಚಿತ್ರ ತೋರಿಸಿ ಹೆಸರು ಕೇಳಿದರು, ಅರ್ಧ ಪೋಕೆಮಾನ್, ಅರ್ಧ ಅವರ ದೇಶದ ನಿಜವಾದ ಗಿಡ-ಪ್ರಾಣಿ. 8 ವರ್ಷದ ಮಕ್ಕಳು ಪೋಕೆಮಾನ್‌ಗಳಲ್ಲಿ ಶೇ. 78ರಷ್ಟನ್ನ ಗುರುತಿಸಿದರು. ನಿಜವಾದ ಜೀವಿಗಳಲ್ಲಿ ಶೇ. 53. ಮಕ್ಕಳಿಗೆ ನೆನಪಿಟ್ಟುಕೊಳ್ಳೋ ಶಕ್ತಿ ಬೇಕಾದಷ್ಟಿದೆ, ನಾವು ತೋರಿಸ್ತಿರೋದು ಬೇರೆ ಅಂತ ಅವರ ಮಾತಿನ ತಾತ್ಪರ್ಯ.

ನಮ್ಮ ತೋಟದಲ್ಲಿ ಇರೋದನ್ನೇ ನೋಡಿ. ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗೋ ಹಾರುವ ಓತಿ. ಪಕ್ಕೆಲುಬುಗಳೇ ಚಾಚಿಕೊಂಡು, ಅದರ ಮೇಲೆ ಚರ್ಮ ಹರಡಿ ರೆಕ್ಕೆ ಆಗುತ್ತೆ. ಇದನ್ನ ಪೋಕೆಮಾನ್ ಬರೆಯೋರು ಕೂತು ಯೋಚಿಸಿದ್ರೂ ಹೊಳೀತಿತ್ತೋ ಇಲ್ಲವೋ. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಬರೆದ 'ಕರ್ವಾಲೊ' 1980ರಲ್ಲಿ ಬಂತು. ಅದರಲ್ಲಿ ಒಂದಿಷ್ಟು ಜನ ಕಾಡು ಹೊಕ್ಕಿದ್ದು ಹಾರುವ ಓತಿ ಹುಡುಕಿಕೊಂಡೇ. ಇನ್ನು ಸದರ್ನ್ ಬರ್ಡ್‌ವಿಂಗ್ ಚಿಟ್ಟೆ ಇದೆ, ಕರ್ನಾಟಕದ ರಾಜ್ಯ ಚಿಟ್ಟೆ, ಕಪ್ಪು-ಹಳದಿ, ಅಂಗೈಗಿಂತ ದೊಡ್ಡದು. ಮಳೆ ಶುರುವಾದಾಗ ಕೆರೆ ಮೇಲಿನ ಕೊಂಬೆಗೆ ನೊರೆಗೂಡು ಕಟ್ಟೋ ಹಸಿರು ಹಾರುಕಪ್ಪೆ.

ಇವನ್ನ 'ಹಿಡಿಯೋ' ಆ್ಯಪ್ ಕೂಡ ಇದೆ. ಐನ್ಯಾಚುರಲಿಸ್ಟ್ ಅಂತ, 2008ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು. ಫೋಟೊ ತೆಗೀರಿ, ಆ್ಯಪ್ ಒಂದು ಹೆಸರು ಊಹಿಸುತ್ತೆ, ಗೊತ್ತಿರೋರು ಬಂದು ಸರಿ-ತಪ್ಪು ಹೇಳ್ತಾರೆ. ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ರೂ ಫೋಟೊ ಇಟ್ಟುಕೊಂಡು, ಗುಡ್ಡದ ಮೇಲೆ ಹೋದಾಗ ಏರಿಸಬಹುದು. ಅಪಾಯದಲ್ಲಿರೋ ಜೀವಿಯಾದ್ರೆ ಜಾಗವನ್ನ ಮಸುಕು ಮಾಡಿ ತೋರಿಸುತ್ತೆ, ಕಳ್ಳಬೇಟೆಯವರಿಗೆ ಗೊತ್ತಾಗದ ಹಾಗೆ. ಇದರಲ್ಲಿ ಕಾಳಗ ಇಲ್ಲ, ಹಾಗಾಗಿ ಪೋಕೆಮಾನ್ ಬಿಟ್ಟು ಇದನ್ನ ಆಡಿ ಅಂತ ನಾನು ಹೇಳ್ತಿಲ್ಲ. ಎರಡೂ ಇಟ್ಟುಕೊಳ್ಳಬಹುದು, ಫೋನಲ್ಲಿ ಜಾಗ ಇದ್ದರೆ.

ಈಗ ಪಿನ್ನು ಯಾರ ಕೈಯಲ್ಲಿ?

2025ರಲ್ಲಿ ನಿಯಾಂಟಿಕ್ ತನ್ನ ಆಟಗಳನ್ನ ಸ್ಕೋಪ್ಲಿ ಅನ್ನೋ ಕಂಪನಿಗೆ ಮಾರಿತು, 350 ಕೋಟಿ ಡಾಲರ್‌ಗೆ. ಸ್ಕೋಪ್ಲಿಯ ಹಿಂದಿರೋದು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯ ಸ್ಯಾವಿ ಗೇಮ್ಸ್. ಆಟ ಮಾರಿದ ಮೇಲೆ ನಿಯಾಂಟಿಕ್ ಏನು ಇಟ್ಟುಕೊಂಡಿತು? ನಿಯಾಂಟಿಕ್ ಸ್ಪೇಷಿಯಲ್ ಅನ್ನೋ ಹೊಸ ಕಂಪನಿ, ಕೆಲಸ ಮ್ಯಾಪು ಮತ್ತು ಎಐ. ಆಟದಲ್ಲಿ ಸ್ಟಾಪ್ ಸುತ್ತ ಫೋನ್ ಹಿಡಿದು ವಿಡಿಯೊ ಸ್ಕ್ಯಾನ್ ಮಾಡಿದ್ರೆ ಬಹುಮಾನ ಕೊಡ್ತಾರಲ್ಲ, ಅಂಥ ಸ್ಕ್ಯಾನ್‌ಗಳಿಂದ ಜಗತ್ತಿನ ಜಾಗಗಳನ್ನ ಯಂತ್ರಕ್ಕೆ ಕಲಿಸೋ ಯೋಜನೆ ಬಗ್ಗೆ 2024ರ ನವೆಂಬರ್‌ನಲ್ಲೇ ಅವರು ಹೇಳಿಕೊಂಡಿದ್ದರು. ಸ್ಕ್ಯಾನ್ ಮಾಡಲೇಬೇಕು ಅಂತೇನಿಲ್ಲ, ಮಾಡೋದು ಬಿಡೋದು ನಮ್ಮಿಷ್ಟ. ದೇವಸ್ಥಾನದ ಮುಂದೆ ನಿಂತು ನೀವು ಮಾಡೋ ಅರ್ಧ ನಿಮಿಷದ ವಿಡಿಯೊದಲ್ಲಿ ಅಲ್ಲಿ ಕೂತಿರೋ ಅಜ್ಜಿಯೂ ಇರಬಹುದು ಅನ್ನೋದು ನೆನಪಿರಲಿ.

ಭಾಷೆ ವಿಷಯ ಒಂದೇ ಸಾಲಲ್ಲಿ: 2023ರ ಸೆಪ್ಟೆಂಬರ್‌ನಲ್ಲಿ ಆಟಕ್ಕೆ ಹಿಂದಿ ಬಂತು, ಕನ್ನಡ ಬಂದಿಲ್ಲ.

ಹಾಗಾದ್ರೆ ಬಸರೀಕಟ್ಟೆಯಲ್ಲಿ ಕೂತು ಏನು ಮಾಡಬಹುದು? ಚೆಂಡಿಗೆ ಉಪಾಯ ಇದೆ. ಪೇಟೇಲಿರೋ ಗೆಳೆಯರನ್ನ ಆಟದಲ್ಲಿ ಫ್ರೆಂಡ್ ಮಾಡಿಕೊಳ್ಳಿ, ಅವರು ಸ್ಟಾಪ್‌ನಿಂದ ಎತ್ತಿದ ಗಿಫ್ಟ್ ಕಳಿಸಿದ್ರೆ ಅದರೊಳಗೆ ಚೆಂಡಿರುತ್ತೆ. ದಿನಕ್ಕೊಂದು ಸಲ 15 ನಿಮಿಷದ ಧೂಪ ಪುಕ್ಕಟೆ ಸಿಗುತ್ತೆ, ಅದನ್ನ ಹಚ್ಚಿ ನಡೆದ್ರೆ ತೋಟದ ದಾರೀಲೂ ಪ್ರಾಣಿ ಬರುತ್ತೆ. ಚೆಂಡು ತೀರಾ ಕಡಿಮೆ ಇದ್ದರೆ ಆಗ 30 ಚೆಂಡನ್ನೂ ಕೊಡುತ್ತೆ. ಅಡ್ವೆಂಚರ್ ಸಿಂಕ್ ಆನ್ ಮಾಡಿದ್ರೆ ಆಟ ತೆರೆಯದೇ ನಡೆದ ದೂರವೂ ಮೊಟ್ಟೆಗೆ ಸೇರುತ್ತೆ. ಮನೆಯಿಂದ ಬಸ್ಸಿಗೆ ಎರಡು ಕಿಲೋಮೀಟರ್ ನಡೆಯೋರಿಗೆ ಇದರಲ್ಲಿ ಪೇಟೆಯವರಿಗಿಂತ ಲಾಭ.

ಸ್ಟಾಪ್ ಸೂಚಿಸೋಕೆ ಲೆವೆಲ್ ಇಲ್ಲದಿದ್ರೆ, ಲೆವೆಲ್ ಇರೋ ಗೆಳೆಯ ಹಬ್ಬಕ್ಕೆ ಊರಿಗೆ ಬಂದಾಗ ಹಿಡ್ಕೊಳ್ಳಿ. ಪಂಚಾಯ್ತಿ ಗ್ರಂಥಾಲಯ, ಬಯಲು ರಂಗಮಂದಿರ, ಆಟದ ಮೈದಾನ ಕೇಳಬಹುದು. ನನಗೆ ಅತೀ ಆಸೆ ಇರೋದು ವೀರಗಲ್ಲುಗಳ ಮೇಲೆ. ಮಲೆನಾಡಿನಲ್ಲಿ ರಸ್ತೆ ಬದಿ, ಹಳೆ ಗುಡಿ ಪಕ್ಕ, ಕೆರೆ ಏರಿ ಮೇಲೆ ಎಷ್ಟೋ ವೀರಗಲ್ಲುಗಳು ಬೋರ್ಡಿಲ್ಲದೆ ನಿಂತಿವೆ. ಕಲ್ಲೇ ಮನುಷ್ಯ ಮಾಡಿದ್ದು, ಹಾಗಾಗಿ ಪ್ರಕೃತಿ ಅನ್ನೋ ನೆಪ ನಡೆಯಲ್ಲ. ಖಾಸಗಿ ತೋಟದೊಳಗೆ ಇದ್ದರೆ ಮಾತ್ರ ಬಿಟ್ಟುಬಿಡಿ. ಓಟು ಹಾಕೋರು ಎಲ್ಲೋ ಇರೋ ಆಟಗಾರರು, ವೀರಗಲ್ಲನ್ನ ಜನ್ಮದಲ್ಲಿ ನೋಡಿರಲ್ಲ, ಯಾವುದೋ ಒಡೆದ ಕಲ್ಲು ಅಂತ ತಳ್ಳಿಹಾಕಬಹುದು. ಅದಕ್ಕೆ ವಿವರಣೆಯಲ್ಲಿ ಬಿಡಿಸಿ ಬರೀರಿ: ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತೆ, ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನ ಅಪ್ಸರೆಯರು ಮೇಲಕ್ಕೆ ಒಯ್ತಿರೋದು, ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರೋದು. ಯಾಕೆ ಸತ್ತ, ದನ ಬಿಡಿಸೋಕೆ ಹೋಗಿ ಸತ್ತನಾ, ಊರು ಕಾಯೋಕಾ ಅಂತ ಊರಿನ ಹಿರಿಯರಿಗೆ ಗೊತ್ತಿದ್ರೆ ಅದನ್ನೂ ಸೇರಿಸಿ. ಎರಡು ಫೋಟೊ ಬೇಕು, ಒಂದು ಕಲ್ಲಿನದ್ದು, ಇನ್ನೊಂದು ಸುತ್ತಲಿನ ದಾರಿ ಕಾಣೋ ಹಾಗೆ. ಮಳೆಗಾಲದಲ್ಲಿ ತೆಗೀಬೇಡಿ, ಪಾಚಿ ಕಟ್ಟಿ ಕೆತ್ತನೆಯೇ ಕಾಣಲ್ಲ. ಡಿಸೆಂಬರ್, ಜನವರಿ ಬೆಳಗ್ಗೆ ಓರೆ ಬಿಸಿಲು ಬೀಳುವಾಗ ತೆಗೆದ್ರೆ ಕತ್ತಿ, ಕುದುರೆ ಎಲ್ಲಾ ಎದ್ದು ಬರುತ್ತೆ. ಪಾಚಿ ಕೆರೆಯೋಕೆ ಮಾತ್ರ ಹೋಗಬೇಡಿ.